ಗಂಡನ ಹೆಸರಿನ ಖಾನೆ

ಸೊಲ್ಲಾಪುರದ ನಮ್ಮ ಆಫೀಸು ಡೇರಿಗೆ ಹಾಲು ಹಾಕುವ ಹೆಂಗಸರಿಗಾಗಿ ಒಂದು ಆ್ಯಪ್ ಮಾಡಿತ್ತು. ಕನ್ನಡ ಮಾತಾಡುವ ಹಳ್ಳಿ ನಾಗಣಸೂರಿನಲ್ಲಿ ಅದು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಹಳ್ಳಿಯ ನೆಟ್‌ವರ್ಕೇ ಸರಿಯಿಲ್ಲವೆಂದು ನಮ್ಮ ಸಾಹೇಬರು ಮರಾಠಿಯಲ್ಲಿ ತೀರ್ಪು ಕೊಟ್ಟರು. ನಾನು ಡೇಟಾಬೇಸ್ ತೆಗೆದು ನೋಡಿದರೆ, ಹಿರಿಯ ಹೆಂಗಸರೆಲ್ಲ ಗಂಡನ ಹೆಸರಿನ ಖಾನೆಯನ್ನು ಖಾಲಿ ಬಿಟ್ಟಿದ್ದರು. ಮದುವೆಯಲ್ಲೂ ಒಡಪಿನ ಪದ್ಯದೊಳಗೆ ಅಡಗಿಸದೆ ಗಂಡನ ಹೆಸರು ಹೇಳದವರು ಮೊಬೈಲಿಗೆ ಹೇಳುತ್ತಾರೆಯೇ? ಆ ಖಾಲಿಯನ್ನು ತೆಪ್ಪಗೆ ಉಳಿಸಿಕೊಂಡಿದ್ದ ಆ್ಯಪ್, ಮರಳಿ ಓದುವಾಗ ಮಾತ್ರ ಗಂಡನೆಲ್ಲಿ ಎಂದು ಹಟ ಹಿಡಿದು ಮುಚ್ಚಿಕೊಳ್ಳುತ್ತಿತ್ತು. ಹಾಗೆ ಕೋಡ್ ಬರೆದವರು ಸಾಹೇಬರೇ. ಗಂಡನ ಹೆಸರಿಲ್ಲದ ಹೆಂಗಸು ಅವರ ಕಲ್ಪನೆಗೇ ಬಂದಿರಲಿಲ್ಲ. ಕೋಡಿನಲ್ಲಿ ಗಂಡನ ಹೆಸರು ಕೇಳುವ ಸಾಲಿಗೆ ನಾನೊಂದು ಪ್ರಶ್ನಾರ್ಥಕ ಚಿಹ್ನೆ ಸೇರಿಸಿದೆ. ಹೆಸರು ಇದ್ದರೂ ಸೈ, ಇಲ್ಲದಿದ್ದರೂ ಸೈ ಎಂದು ಅದರ ಅರ್ಥ. ಆ್ಯಪ್ ತೆರೆಯಿತು.

ಅದೇ ಊರಿನ ನನ್ನ ಸೋದರತ್ತೆಗೆ ಫೋನ್ ಮಾಡಿದೆ. ಗಂಡ ಚಹದಂಗಡಿಯಲ್ಲಿ ಕೂತಿರುವಾಗ ನಾಲ್ಕು ಎಮ್ಮೆಗಳನ್ನು ಒಬ್ಬಳೇ ಹಿಂಡುವವಳು ಅವಳು.

“ಅತ್ತಿ, ಇನ್ನ ಗಂಡನ ಹೆಸರು ಇಲ್ದಿದ್ರೂ ನಡೀತೈತ್ರಿ,” ಎಂದೆ.

“ಇಲ್ಲಿ ಮೊದಲಿಂದನೂ ಅವರಿಲ್ದನ ನಡದೈತಿ,” ಅಂದಳು. “ನಿಮ್ಮ ಸಾಹೇಬರಿಗೆ ಈಗ ಗೊತ್ತಾತೇನು?”