ಸಬನೀಸರು ಹಾಕಿದ ಒಂದೇ ಒಂದು ತಿದ್ದುಪಡಿ

ಬೆಳಗಿನ ಪತ್ರಿಕೆಯಲ್ಲಿ ನಾವು ಸಾಯಿಸಿದ್ದ ಮನುಷ್ಯ ಮಧ್ಯಾಹ್ನ ಹನ್ನೆರಡಕ್ಕೆ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಅರ್ಧ ತಿಂದ ಬಟಾಟೆವಡೆಯನ್ನು ಹಾಗೇ ಕೆಳಗಿಟ್ಟೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ನಮ್ಮದೇ ಪತ್ರಿಕೆ. ‘ಆರಂಭಿಕ ಬ್ಯಾಟ್ಸ್‌ಮನ್ ವಾಮನ ಪೇಡಣೇಕರ ನಿಧನ’ ಎಂಬ ತಲೆಬರಹ ನಾನೇ ಕೊಟ್ಟದ್ದು.

ತಪ್ಪು ಶುರುವಾದದ್ದೂ ನನ್ನಿಂದಲೇ. ಹಿಂದಿನ ದಿನ ಪರೇಲ್‌ನಿಂದ ಯಾರೋ ಫೋನ್ ಮಾಡಿ, “ನಮ್ಮ ಕ್ರಿಕೆಟ್ಟಿನ ಪೇಡಣೇಕರ್ ಹೋಗ್ಬಿಟ್ರು” ಎಂದಿದ್ದರು. ನಿಜಕ್ಕೂ ಹೋದವರು ಬೇರೊಬ್ಬರು, ಅಂಪೈರ್ ಪೇಡಣೇಕರ. ಯಾವ ಪೇಡಣೇಕರ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಓಡಿ ಹೋಗಿ ನಮ್ಮ ಕ್ರಿಕೆಟ್ ಅಂಕಣಕಾರ ಸಬನೀಸರಿಗೆ ಹೇಳಿದೆ. ಅವರು ಮೇಜಿನ ಖಾನೆ ಎಳೆದು, ಎಂಟು ವರ್ಷದ ಹಿಂದೆಯೇ ಬರೆದಿಟ್ಟಿದ್ದ ನಿಧನಲೇಖನವನ್ನು ತೆಗೆದುಕೊಟ್ಟರು. ಹೆಸರಾದವರ ನಿಧನಲೇಖನವನ್ನು ಅವರು ಗಟ್ಟಿಮುಟ್ಟಾಗಿರುವಾಗಲೇ ಬರೆದಿಡುವುದು ನಮ್ಮ ಕಸುಬಿನ ಪದ್ಧತಿ. ಹೊರಗಿನವರಿಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ.

ಯಶವಂತ ಸಬನೀಸರು ಮುಂಬಯಿಯ ಗಿರಗಾಂವದ ಚಾಳಿನಲ್ಲಿ ಹುಟ್ಟಿ, ಮುನಿಸಿಪಾಲಿಟಿಯ ಗುಮಾಸ್ತಿಕೆ ಬಿಟ್ಟು, ಇಪ್ಪತ್ತಮೂರನೇ ವಯಸ್ಸಿಗೆ ಪತ್ರಿಕೆ ಸೇರಿದವರು. ಮೂವತ್ತಾರು ವರ್ಷ ಕ್ರಿಕೆಟ್ ಬಿಟ್ಟು ಬೇರೆ ಒಂದಕ್ಷರ ಬರೆಯಲಿಲ್ಲ. ಮಗಳ ಮದುವೆಯಲ್ಲಿ ಹಾರ ಬದಲಾಗುತ್ತಲೇ ಶಿವಾಜಿ ಪಾರ್ಕಿನ ಪಂದ್ಯಕ್ಕೆ ಓಡಿದ ಪುಣ್ಯಾತ್ಮ. ಆಟಗಾರರ ಜೊತೆ ಚಹಾ ಕುಡಿದರೆ ಪತ್ರಕರ್ತನ ಪೆನ್ನು ಮೊಂಡಾಗುತ್ತದೆಂದು ಡ್ರೆಸ್ಸಿಂಗ್ ರೂಮಿನ ಕಡೆ ತಲೆಯೂ ಹಾಕುತ್ತಿರಲಿಲ್ಲ. ಲೋಕಲ್ ರೈಲಿನಲ್ಲಿ ಜನ ಅವರ ಅಂಕಣವನ್ನು ಜೋರಾಗಿ ಓದಿ ಜಗಳಾಡುತ್ತಿದ್ದರು. ತಂಡ ಆಯ್ಕೆ ಮಾಡುವವರೂ ಓದುತ್ತಿದ್ದರು. ಅವರ ದೊಡ್ಡ ಜಂಬವೆಂದರೆ, ಇಷ್ಟು ವರ್ಷದಲ್ಲಿ ತಪ್ಪಾಯಿತೆಂದು ಒಂದೇ ಒಂದು ತಿದ್ದುಪಡಿಯನ್ನೂ ಹಾಕಿರಲಿಲ್ಲ. “ನೋಡದೆ ಬರೆದ್ರೆ ತಾನೇ ತಿದ್ದೋದು?” ಎನ್ನುತ್ತಿದ್ದರು. ಹದಿನಾಲ್ಕು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತು ನಾನು ಅದನ್ನು ವೇದವಾಕ್ಯವೆಂದೇ ನಂಬಿದ್ದೆ.

ಪೇಡಣೇಕರರು ತಾವೇ ಕುರ್ಚಿ ಎಳೆದುಕೊಂಡು ಸಬನೀಸರ ಎದುರು ಕೂತರು.

“ಬೆಳಿಗ್ಗೆಯಿಂದ ಮನೆಗೆ ಏಳು ಹಾರ ಬಂದಿವೆ ಕಣ್ರೀ. ಬಾಗಿಲು ತೆಗೆದು ತೆಗೆದು ನನ್ನ ಹೆಂಡತಿ ಸುಸ್ತಾಗಿದಾಳೆ. ನಾನೇ ಬಾಗಿಲು ತೆಗೀತೀನಿ ಅಂದ್ರೆ ಬೇಡ ಅಂತಾಳೆ, ಬಂದವರು ಅಲ್ಲೇ ಬಿದ್ದುಬಿಟ್ಟಾರು ಅಂತ!”

ನಾನು ಕೈಮುಗಿದೆ. “ನನ್ನದೇ ತಪ್ಪು ಕಾಕಾ. ನಾಳೇನೇ ಸರಿಮಾಡ್ತೀವಿ.”

“ಸತ್ತಿದ್ದು ಬಿಡಮ್ಮ, ಇವತ್ತಲ್ಲ ನಾಳೆ ನಿಜ ಆಗೋದೇ” ಎಂದು ಸಬನೀಸರತ್ತ ತಿರುಗಿದರು. “ನಾನು ಬಂದಿದ್ದು ಮೂರನೇ ಪ್ಯಾರಾ ವಿಷಯಕ್ಕೆ.”

ಪತ್ರಿಕೆ ಬಿಡಿಸಿ ಓದಿದರು: ‘1963ರಲ್ಲಿ ಬ್ರೆಬೋರ್ನ್ ಮೈದಾನದಲ್ಲಿ, ಎಡಗೈಯ ಎರಡು ಬೆರಳು ಮುರಿದಿದ್ದರೂ ಯಾರಿಗೂ ಹೇಳದೆ ಎರಡೂವರೆ ಗಂಟೆ ಆಡಿದ ಧೀರ.’

“ಇದು ನೀವೇ ಬರೆದದ್ದಾ?”

“ಹೌದು.”

ಅಂಗಿಯ ಜೇಬಿನಿಂದ ಹಳದಿಯಾದ ಇನ್ನೊಂದು ಪತ್ರಿಕೆ ತುಣುಕು ತೆಗೆದು ಅದರ ಪಕ್ಕದಲ್ಲಿಟ್ಟರು. “ಇದೂ ನೀವೇ.”

ನಾನು ಬಗ್ಗಿ ಓದಿದೆ. ‘ಪೇಡಣೇಕರ ವೇಗದ ಚೆಂಡಿಗೆ ಹೆದರುತ್ತಾರೆ. ಪ್ರತಿ ಚೆಂಡಿಗೂ ಹಿಂದೆ ಸರಿಯುವ ಪುಕ್ಕಲರಿಗೆ ದೇಶದ ತಂಡದ ಟೋಪಿ ಏಕೆ?’ ಅದೇ ಪಂದ್ಯ, ಅದೇ ಆಟ. ಕೆಳಗೆ ಸಬನೀಸರದೇ ಹೆಸರು.

“ಬೆರಳಿನ ವಿಷಯ ನಿಮಗೆ ಯಾವಾಗ ಗೊತ್ತಾಯ್ತು?” ಪೇಡಣೇಕರರು ಕೇಳಿದರು.

ಸಬನೀಸರು ಕನ್ನಡಕ ತೆಗೆದಿಟ್ಟರು. ಸುಳ್ಳು ಹೇಳಲಿ ದೇವರೇ ಎಂದು ನಾನು ಬೇಡಿಕೊಂಡೆ.

“ಇದು ಅಚ್ಚಾದ ಮೂರನೇ ದಿನ. ಪ್ಲಾಸ್ಟರ್ ಹಾಕಿದ ಡಾಕ್ಟರೇ ಹೇಳಿದ್ರು.”

“ತಂಡ ಆರಿಸೋಕೆ?”

“ಇನ್ನೂ ಆರು ದಿನ ಇತ್ತು.”

“ಮತ್ತೆ?”

“ಬರೆದು ಮೂರೇ ದಿನಕ್ಕೆ ತಪ್ಪಾಯ್ತು ಅಂದ್ರೆ ನನ್ನನ್ನ ಯಾರು ಓದ್ತಾರೆ ಅನ್ನಿಸ್ತು. ಆಗ ನನಗೆ ಇಪ್ಪತ್ತಾರು.”

“ನನಗೆ ಇಪ್ಪತ್ತೇಳು” ಎಂದರು ಪೇಡಣೇಕರರು.

ಆ ವರ್ಷವೂ ಅವರಿಗೆ ಟೋಪಿ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ. ಅದು ಮುಂಬಯಿಗೆಲ್ಲ ಗೊತ್ತು. ಆದರೆ ಸಬನೀಸರು ನಿಜ ಬರೆದು, ಕೇಳುವ ಮನುಷ್ಯ ಇಲ್ಲವಾದ ಮೇಲೆ ಹೊರಬರಲಿ ಎಂದು ಖಾನೆಯಲ್ಲಿ ಬಚ್ಚಿಟ್ಟಿದ್ದರಲ್ಲ! ನಾನು ದೇವರೆಂದುಕೊಂಡವರ ಮುಖ ನೋಡಲು ನನಗೆ ಅಸಹ್ಯವಾಯಿತು.

“ನನ್ನನ್ನ ಹೊಗಳೋಕೆ ನಾನು ಸಾಯಬೇಕಾಯ್ತಾ, ಸಬನೀಸ್?” ಪೇಡಣೇಕರರ ದನಿ ಏರಲಿಲ್ಲ. “ಟೋಪಿ ಹೋಗ್ಲಿ ಬಿಡಿ. ನಮ್ಮಪ್ಪ ಈ ಪತ್ರಿಕೆ ಬಿಟ್ಟು ಬೇರೇದು ಮುಟ್ತಿರಲಿಲ್ಲ. ಸಬನೀಸ ಬರೆದ ಅಂದ್ರೆ ಮುಗೀತು. ಕೈಯ ಪ್ಲಾಸ್ಟರ್ ತೋರಿಸಿದೆ. ‘ಹೆದರಿ ಕೈ ಅಡ್ಡ ಇಟ್ಟಿರ್ತೀಯ’ ಅಂದ್ರು. ಆಮೇಲೆ ನನ್ನ ಆಟ ನೋಡೋಕೆ ಒಂದು ದಿನಾನೂ ಬರಲಿಲ್ಲ. ಎಪ್ಪತ್ತೆಂಟನೇ ಇಸವೀಲಿ ಹೋದ್ರು, ಹಾಗೇ ನಂಬ್ಕೊಂಡು.”

“ನಾಳೆ ಮೊದಲ ಪುಟದಲ್ಲಿ ತಿದ್ದುಪಡಿ ಹಾಕ್ತೀನಿ” ಎಂದರು ಸಬನೀಸರು.

“ಊರಿಗೆ ಹೇಳಿ ಏನಾಗಬೇಕು? ಬರೋ ಹದಿನಾಲ್ಕಕ್ಕೆ ಅಪ್ಪನ ಪುಣ್ಯತಿಥಿ. ಪ್ರತಿವರ್ಷ ನಿಮ್ಮ ಪುಣ್ಯಸ್ಮರಣೆ ಪುಟದಲ್ಲಿ ಅವರ ಫೋಟೋ ಹಾಕಿಸ್ತೀನಿ. ಕೆಳಗೆ ಎರಡು ಸಾಲು ಇರುತ್ತಲ್ಲ, ಈ ವರ್ಷ ಅದನ್ನ ನೀವು ಬರೀರಿ.”

ಅವರು ಚಹಾ ಕೂಡ ಮುಟ್ಟದೆ ಎದ್ದು ಹೋದರು. ಪೇಡಣೇಕರರು ಬದುಕಿದ್ದಾರೆಂಬ ಸುದ್ದಿಯನ್ನು ಮರುದಿನ ನಾನೇ ಹಾಕಿದೆ. ಓದುಗರು ಫೋನ್ ಮಾಡಿ ನಕ್ಕರು. ಒಂದು ಪಂದ್ಯದ ವರದಿಯನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದ ಸಬನೀಸರು ಆ ಎರಡು ಸಾಲಿಗೆ ಐದು ದಿನ ತೆಗೆದುಕೊಂಡರು. ಬರೆದದ್ದನ್ನು ನನಗೂ ತೋರಿಸಲಿಲ್ಲ.

ಹದಿನಾಲ್ಕರಂದು ಪತ್ರಿಕೆ ಬಿಡಿಸಿದೆ. ಏಳನೇ ಪುಟದಲ್ಲಿ, ಹಾರ ಹಾಕಿದ ಫೋಟೋಗಳ ನಡುವೆ, ಕರಿಟೋಪಿ ಹಾಕಿದ ಮುದುಕರೊಬ್ಬರು. ಮಕ್ಕಳು ಮೊಮ್ಮಕ್ಕಳ ಹೆಸರು ಇರಬೇಕಾದ ಜಾಗದಲ್ಲಿ ಹೀಗಿತ್ತು:

‘ಗೋವಿಂದರಾವ್, ನಿಮ್ಮ ಮಗ ಹೆದರಲಿಲ್ಲ. ಅವನ ಎರಡು ಬೆರಳು ಮುರಿದಿದ್ದವು. ನನಗೆ ಗೊತ್ತಿತ್ತು. — ಯಶವಂತ ಸಬನೀಸ.’