ಅಡುಗೆಮನೆ ಗೋಡೆಯ ಆ ಒಂದು ಗೆರೆ

ನಮ್ಮ ದೊಡ್ಡಪ್ಪ ಪೇಂಟರ್. ಊರವರ ಮನೆಯ ಸೀಲಿಂಗಿಗೆಲ್ಲ ಬಣ್ಣ ಹೊಡೆದವರು, ತಮ್ಮ ಅಡುಗೆಮನೆಗೆ ಮಾತ್ರ ಇಪ್ಪತ್ತು ವರ್ಷದಿಂದ "ಮುಂದಿನ ವಾರ" ಎನ್ನುತ್ತಲೇ ಇದ್ದರು. ದೀಪದ ಬುಡದಲ್ಲಿ ಕತ್ತಲು ಎಂಬ ಮಾತು ಇವರನ್ನು ನೋಡಿಯೇ ಹುಟ್ಟಿರಬೇಕು.

ಒಂದು ಬೆಳಿಗ್ಗೆ ಅವರ ಬಲಗೈ ಭುಜದಿಂದ ಮೇಲೆ ಏಳಲಿಲ್ಲ. ಆ ಮಗ್ಗುಲಿಗೆ ಮಲಗುವಂತಿಲ್ಲ, ಅಂಗಿ ತೊಡಿಸಲು ದೊಡ್ಡಮ್ಮ ಬೇಕು. "ಕೈ ಎತ್ತೋಕಾಗದ ಪೇಂಟರ್ ಯಾವ ಸೀಮೆ ಪೇಂಟರಮ್ಮ?" ಎಂದು ಅವರು ನನ್ನನ್ನು ಕೇಳಿದಾಗ ನನಗೆ ಅಳು ಬಂತು.

"ಭುಜದ ಮೂಳೆ ಕೆಳಗೆ ಮೆತ್ತೆ ಥರ ಒಂದು ಪುಟ್ಟ ಚೀಲ ಇರುತ್ತೆ" ಎಂದರು ಫಿಸಿಯೋಥೆರಪಿ ಮೇಡಂ. "ಮೂವತ್ತು ವರ್ಷ ಕೈ ಎತ್ತಿ ಎತ್ತಿ ಅದು ಉಜ್ಜಿ ಊದಿಕೊಂಡಿದೆ. ವಾಸಿಯಾಗುತ್ತೆ, ಅವಸರ ಮಾತ್ರ ಬೇಡ."

ಅವರು ಹೇಳಿಕೊಟ್ಟ ವ್ಯಾಯಾಮ ಇಷ್ಟೇ: ಮೇಜಿಗೆ ಒರಗಿ ಕೈಯನ್ನು ಸಡಿಲವಾಗಿ ತೂಗಬೇಕು. ಬೆರಳುಗಳನ್ನು ಗೋಡೆಯ ಮೇಲೆ ನಿಧಾನವಾಗಿ ಹತ್ತಿಸಬೇಕು, ಚುಚ್ಚಿದರೆ ಅಲ್ಲೇ ನಿಲ್ಲಿಸಬೇಕು, ತಲುಪಿದಲ್ಲಿ ಗೆರೆ ಎಳೆಯಬೇಕು. ದೊಡ್ಡಮ್ಮ ಅಡುಗೆಮನೆ ಗೋಡೆಯನ್ನೇ ಆರಿಸಿದಳು, ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡಳು.

ಆತುರಗಾರನಿಗೆ ಬುದ್ಧಿ ಮಟ್ಟ. ಹತ್ತು ಸಲ ಎಂದರೆ ದೊಡ್ಡಪ್ಪ ನೂರು ಸಲ ಮಾಡಿದರು. ಗೆರೆ ಮೇಲೇರುವ ಬದಲು ಒಂದು ಗೇಣು ಕೆಳಗಿಳಿಯಿತು.

"ಮೊದಲ ಕೋಟ್ ಒಣಗೋಕೆ ಮುಂಚೆ ಎರಡನೇ ಕೋಟ್ ಹೊಡಿತೀರಾ?" ಎಂದು ಮೇಡಂ ಕೇಳಿದರು.

"ಯಾವ ಮುಠ್ಠಾಳ ಹೊಡಿತಾನೆ?" ಎಂದವರು, ಹೇಳಿ ಮುಗಿಸುವ ಮೊದಲೇ ಪೆಚ್ಚಾದರು.

ಆಮೇಲೆ ಹೇಳಿದಷ್ಟೇ ಮಾಡಿದರು. ಆದರೂ ಹನ್ನೆರಡು ದಿನ ಗೆರೆ ನಿಂತಲ್ಲೇ ನಿಂತಿತು. ಹದಿಮೂರನೆಯ ದಿನ ಬ್ರಷ್ಷುಗಳನ್ನೆಲ್ಲ ಚೀಲಕ್ಕೆ ತುಂಬಿ ಬಾಗಿಲಲ್ಲಿಟ್ಟರು. "ಯಾರಿಗಾದ್ರೂ ಕೊಟ್ಟುಬಿಡೇ. ನನ್ನ ಕೆಲಸ ಮುಗೀತು."

"ಕೊಡೋಣ. ಮೊದಲು ಇವತ್ತಿನದ್ದು ಮಾಡಿ" ಎಂದಳು ದೊಡ್ಡಮ್ಮ.

ಬೆರಳು ಏರುವಷ್ಟು ಏರಿ ನಿಂತಾಗ ಕಣ್ಣು ಮುಚ್ಚಿ ಉಸಿರು ಬಿಡುವುದು ಅವರ ರೂಢಿ. ಆ ಗಳಿಗೆಯಲ್ಲಿ ದೊಡ್ಡಮ್ಮ ಬೆರಳಿಗಿಂತ ಒಂದಂಗುಲ ಮೇಲೆ ಗೆರೆ ಎಳೆದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕಣ್ಣಲ್ಲೇ ಗದರಿದಳು.

ದೊಡ್ಡಪ್ಪ ಕಣ್ಣು ಬಿಟ್ಟು ಗೆರೆ ನೋಡಿದರು. ತುಂಬ ಹೊತ್ತು ನೋಡಿದರು. "ಹೂಂ, ಏರಿದೆ" ಎಂದು ಹೋಗಿ ಚೀಲವನ್ನು ಒಳಗೆ ತಂದಿಟ್ಟರು.

ಒಂದು ವಾರದಲ್ಲಿ ಬೆರಳು ನಿಜವಾಗಿಯೂ ಆ ಗೆರೆ ಮುಟ್ಟಿತು. ನಾಲ್ಕು ತಿಂಗಳಿಗೆ ಗೆರೆಗಳು ಡಬ್ಬಿಗಳ ಸಾಲನ್ನೂ ದಾಟಿದವು. "ಇನ್ಮೇಲೆ ಏಣಿ ಒಂದು ಮೆಟ್ಟಿಲು ಹೆಚ್ಚು ಹತ್ತಿ, ಕೈ ಕಡಿಮೆ ಎತ್ತಿ. ನಡುನಡುವೆ ಸುಧಾರಿಸಿಕೊಳ್ಳಿ" ಎಂದು ಹೇಳಿ ಮೇಡಂ ಕೆಲಸಕ್ಕೆ ಒಪ್ಪಿಗೆ ಕೊಟ್ಟರು.

ಮೊದಲ ಕೆಲಸ ಅಡುಗೆಮನೆಯದೇ. ಮೂರು ದಿನ, ದಿನಕ್ಕಿಷ್ಟೇ ಎಂದು ಹೊಡೆದರು. ಗೋಡೆ ತಿಳಿ ಹಳದಿಯಾಯಿತು, ಗೆರೆಗಳೆಲ್ಲ ಅಡಗಿದವು. ನಡುವೆ ಅಂಗೈಯಗಲ ಜಾಗ ಮಾತ್ರ ಹಳೆಯ ಮಸಿ ಬಣ್ಣದಲ್ಲೇ ಉಳಿದಿತ್ತು, ಅದರಲ್ಲಿ ಒಂದೇ ಒಂದು ಪೆನ್ಸಿಲ್ ಗೆರೆ.

"ಇಪ್ಪತ್ತು ವರ್ಷಕ್ಕೆ ಹೊಡೆದಿದ್ದೀರಿ, ಇದೊಂದನ್ನ ಯಾಕ್ರೀ ಬಿಟ್ರಿ?" ಎಂದು ದೊಡ್ಡಮ್ಮ ರೇಗಿದಳು.

ದೊಡ್ಡಪ್ಪ ಬ್ರಷ್ ತೊಳೆಯುತ್ತ, ತಿರುಗಿ ನೋಡದೆ ಹೇಳಿದರು: "ಪೇಂಟರ್ ಕಣ್ಣಿಗೆ ಒಂದಂಗುಲ ಗೊತ್ತಾಗಲ್ವೇನೇ? ಉಳಿದದ್ದೆಲ್ಲ ನಾನು ಮುಟ್ಟಿದ ಗೆರೆ. ಅದೊಂದು ನೀನು ಮುಟ್ಟಿಸಿದ್ದು."