ಜೋಕಾಲಿ ಏರಿದ ಮಗಳು

ಮನಿಗೆಲಸದ ಹೆಣ್ಮಕ್ಕಳಿಗೂ ವಾರಕ್ಕೊಂದು ರಜಾ ಕೊಡ್ರಿ ಅಂತ ಮನಿಮನಿಗೆ ಹೇಳಿ, ಒಪ್ಪಿದವರ ಹೆಸರು ಬರಕೊಳ್ಳೋದು ಆಗ ನನ್ನ ನೌಕರಿ. ನಾಗರ ಪಂಚಮಿ ದಿನ ಸಿಂದಗಿಯ ಒಬ್ಬ ವಕೀಲರ ಮನಿಗೆ ಹೋದೆ. ಪಡಸಾಲ್ಯಾಗ ಜೋಕಾಲಿ ಕಟ್ಟಿದ್ರು. ವಕೀಲರ ಹೆಂಡ್ತಿ ನನ್ನ ಮಾತು ಪೂರಾ ಕೇಳಲೇ ಇಲ್ಲ.

“ಕೆಲಸದಾಕಿ ಅನ್ನಬ್ಯಾಡ್ರಿ ಸಾಹೇಬ್ರ! ನಮ್ಮ ಶಾಂತವ್ವ ಮನಿ ಮಗಳಿದ್ದಂಗ. ಮಗಳಿಗೆ ಎಂಥಾ ರಜಾ?”

ಹಿತ್ತಲದಾಗ ಭಾಂಡೆ ತಿಕ್ಕೋ ಸಪ್ಪಳ ನಿಂತಿತು. ಶಾಂತವ್ವ ಸೆರಗಿಗೆ ಕೈ ಒರಸ್ಕೋತ ಬಂದಾಕಿ ನೆಟ್ಟಗ ಜೋಕಾಲಿ ಏರಿ ಕುಂತಳು.

“ಪಂಚಮಿಗೆ ತವರಿಗೆ ಬಂದ ಮಗಳು ಭಾಂಡೆ ತಿಕ್ಕತಾಳೇನ ಯವ್ವಾ? ಒಂದು ಶೇಂಗಾ ಉಂಡಿ ಕೊಡು.” ಆಮ್ಯಾಲ ನನ್ನ ಕಡೆ ತಿರುಗಿದಳು. “ಅಣ್ಣಾ, ಒಂದೀಟು ತೂಗು.”

ಹಬ್ಬದ ದಿನ ತಂಗಿ ಕೇಳಿದ್ರ ಒಲ್ಲೆ ಅನ್ನಾಕ ಬರ್ತೈತೇನ್ರಿ? ತೂಗಿದೆ.

ಬೀಗರು ಊಟಕ್ಕ ಬರೋ ಹೊತ್ತಾಗಿತ್ತು. ವಕೀಲರ ಹೆಂಡ್ತಿ ಒಮ್ಮೆ ಹಿತ್ತಲದ ಎಂಜಲ ಭಾಂಡೆ ನೋಡಿದ್ರು, ಒಮ್ಮೆ ಜೋಕಾಲಿ ನೋಡಿದ್ರು.

“ಸಾಹೇಬ್ರ, ಆಕಿ ಕೆಲಸದಾಕಿನೇ ಅಂತ ಬರಕೊಳ್ರಿ! ವಾರಕ್ಕೊಂದು ರಜಾನೂ ಬರಕೊಳ್ರಿ!”

ಬರಕೊಳ್ಳಾಕ ಕೈ ಖಾಲಿ ಇರಬೇಕಲ್ರಿ? “ಇನ್ನೂ ಜೋರ ತೂಗಣ್ಣಾ” ಅಂತ ಶಾಂತವ್ವ ನನ್ನನ್ನ ಹಬ್ಬದ ದಿನಾನೂ ದುಡಿಸಾಕತ್ತಿದ್ದಳು.